ಹತ್ತನೆಯ ಮೊಲ

ಮಂಗಳವಾರ ಬೆಳಿಗ್ಗೆ ಏಳು ಹತ್ತಕ್ಕೆ ಮೊಲ ಸಾಕುವವನೊಬ್ಬ ಠಾಣೆಗೆ ಬಂದು, ಪಕ್ಕದ ಮನೆಯ ನಾಯಿ ತನ್ನ ಹತ್ತು ಮೊಲಗಳನ್ನು ಕೊಂದಿದೆ ಎಂದು ದೂರು ಬರೆದುಕೊಟ್ಟ. ಐದೂವರೆಗೆ ಕಣ್ಣಾರೆ ಕಂಡೆನೆಂದ. ಎಂಟಕ್ಕೆ ಎಫ್‌ಐಆರ್ ಆಯಿತು. ಪುರಸಭೆಯವರು ಇಂಥ ವಿಷಯದಲ್ಲಿ ಮಾತ್ರ ಬಲು ಚುರುಕು. ಪೊಲೀಸ್ ವರದಿ ನಾಯಿಯ ವಿರುದ್ಧ ಬಂದರೆ ಸಂಜೆ ನಾಲ್ಕಕ್ಕೆ ಅದಕ್ಕೆ ಸಾಯಿಸುವ ಸೂಜಿ ಎಂದು ಫೋನಿನಲ್ಲೇ ತಿಳಿಸಿದರು.

ಇನ್ಸ್‌ಪೆಕ್ಟರಿಗೆ ಕೊಲೆಗಡುಕರ ಭಯವಿರಲಿಲ್ಲ. ನಾಯಿ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು.

"ಸರ್, ಮೊಲದ ಕಡೆ ನೀವು ನೋಡ್ಕೊಳ್ಳಿ, ನಾಯಿ ಕಡೆ ನಾನು ನೋಡ್ಕೋತೀನಿ," ಎಂದಳು ಕಾನ್‌ಸ್ಟೆಬಲ್, ನಗು ತಡೆದುಕೊಂಡು.

ಒಂಬತ್ತು ಇಪ್ಪತ್ತಕ್ಕೆ ಪಂಚನಾಮೆ ಶುರುವಾಯಿತು. ಹಿತ್ತಲಿನ ಶೆಡ್ಡಿನಲ್ಲಿ ಎರಡು ಸಾಲು, ಹತ್ತು ಗೂಡು. ನೆಲದ ಮೇಲೆ ಒಂಬತ್ತು ಮೊಲ, ಕತ್ತು ಮುರಿದಿತ್ತು. ಒಂದು ಹನಿ ರಕ್ತವಿಲ್ಲ.

"ಇಲ್ಲಿ ಏನಾದ್ರೂ ಮುಟ್ಟಿದ್ರಾ?"

"ಇಲ್ಲ ಸರ್. ಹೇಗಿತ್ತೋ ಹಾಗೇ ಇದೆ. ನಿನ್ನೆ ರಾತ್ರಿ ಗೂಡುಗಳ ಕೊಂಡಿ ಹಾಕೋದು ಮರ್ತಿದ್ದೆ."

"ಹತ್ತನೇದು?"

"ಸಾಯಿಸಿ ಬಾಯಲ್ಲಿ ಕಚ್ಕೊಂಡು ಗೋಡೆ ಹಾರ್ತು."

ಮಾತನಾಡುತ್ತಲೇ ಅವನು ಒಂದು ಗೂಡಿನ ಕೊಂಡಿ ತೆಗೆದು ಒಳಗಿನ ತಟ್ಟೆ ತೋರಿಸಿದ. ಕೈ ಹೊರಬಂದದ್ದೇ ತಡ, ನೋಡದೆಯೇ ಕೊಂಡಿ ಹಾಕಿದ. ಹದಿನೈದು ವರ್ಷದ ಅಭ್ಯಾಸ. ಇನ್ಸ್‌ಪೆಕ್ಟರ್ ಉಳಿದ ಒಂಬತ್ತು ಗೂಡುಗಳತ್ತ ನೋಡಿದರು. ಎಲ್ಲದರ ಕೊಂಡಿಯೂ ಹಾಕಿತ್ತು. ಅದನ್ನು ಪಂಚನಾಮೆಯಲ್ಲಿ ಬರೆಸಿ ಹೊರಬಂದರು.

ಪಕ್ಕದ ಮನೆಯ ಟೈಲರಮ್ಮನ ಮುಖ ಅತ್ತು ಕೆಂಪಾಗಿತ್ತು. ಹೊಲಿಗೆ ಯಂತ್ರದ ಕೆಳಗೆ ಕಡ್ಡಿ ಎಂಬ ನಾಯಿ ನಾಲ್ಕು ಕಾಲನ್ನೂ ಮಡಚಿ ಮಲಗಿತ್ತು. ಹೆಸರಿಗೆ ತಕ್ಕ ಮೈ.

"ಅಪ್ಪ ಓಟದ ನಾಯಿ, ಅಮ್ಮ ಕುರಿ ಕಾಯೋದು. ಇವನದು ಮೂಗಿನ ಬೇಟೆ ಅಲ್ಲ ಸರ್, ಕಣ್ಣಿನ ಬೇಟೆ. ಓಡೋದು ಕಂಡ್ರೆ ಬಿಡಲ್ಲ. ಸುಮ್ನೆ ಕೂತಿದ್ರೆ ತಿರುಗೂ ನೋಡಲ್ಲ."

"ಬೆಳಿಗ್ಗೆ ಏನಾಯ್ತು?"

"ಗೋಡೆ ಆಚೆಯಿಂದ ಏನೋ ದೊಪ್ ಅಂತ ಬಿತ್ತು. ಇವನು ಅಂಗಳಕ್ಕೆ ಓಡಿದ. ಆಮೇಲೆ ತಂದು ನನ್ನ ಕೈಗೆ ಕೊಟ್ಟ." ಬಟ್ಟೆಯ ಬುಟ್ಟಿಯ ಮೇಲಿನ ಟವೆಲ್ ಸರಿಸಿದಳು. ಒಳಗೊಂದು ಬಿಳಿ ಮೊಲ ಕ್ಯಾರೆಟ್ ತಿನ್ನುತ್ತಿತ್ತು. "ಒಂದು ಹಲ್ಲೂ ತಾಗಿಲ್ಲ. ಇವನು ಹಿಡೀತಾನೆ, ಕೊಲ್ಲಲ್ಲ. ಅದಕ್ಕೇ ಅವರು ಬೆಲ್ಟಲ್ಲಿ ಬಾರಿಸಿ ಬೀದಿಗೆ ಬಿಟ್ಟಿದ್ದು."

"ಯಾರು?"

"ಮೊಲದವರು. ಮೊದಲು ಅವರದೇ ನಾಯಿ ಸರ್ ಇದು."

ಕಾನ್‌ಸ್ಟೆಬಲ್ ಬುಟ್ಟಿಯನ್ನು ಕಡ್ಡಿಯ ಮೂಗಿನ ಮುಂದಿಟ್ಟಳು. ಅದು ಆಕಳಿಸಿತು. ಬಳಿಕ ದಾರಕ್ಕೆ ಚಿಂದಿ ಕಟ್ಟಿ ಅಂಗಳದಲ್ಲಿ ಎಳೆದುಕೊಂಡು ಓಡಿದಳು. ಮಲಗಿದ್ದ ನಾಯಿ ಯಾವಾಗ ಎದ್ದಿತೋ ಯಾರಿಗೂ ಕಾಣಲಿಲ್ಲ. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಚಿಂದಿಯನ್ನು ಮೆತ್ತಗೆ ಕಚ್ಚಿ ತಂದು ಇನ್ಸ್‌ಪೆಕ್ಟರರ ಮುಂದೆಯೇ ನಿಂತಿತು. ಅವರು ಒಂದು ಹೆಜ್ಜೆ ಹಿಂದಿಟ್ಟರು. ಆಮೇಲೆ ಅಂಗೈ ಚಾಚಿದರು. ನಾಯಿ ಚಿಂದಿಯನ್ನು ಅಲ್ಲಿಟ್ಟು ಹಿಂದೆ ಸರಿಯಿತು.

ಮೂರು ಗಂಟೆಗೆ ಪಶುವೈದ್ಯರ ವರದಿ ಬಂತು: ಒಂಬತ್ತರ ಕತ್ತನ್ನೂ ಕೈಯಿಂದ ತಿರುಚಲಾಗಿದೆ. ಮೂರು ಹದಿನೈದಕ್ಕೆ ಇನ್ಸ್‌ಪೆಕ್ಟರ್ ಮತ್ತೆ ಶೆಡ್ಡಿನಲ್ಲಿದ್ದರು.

"ಮೊಲ ಕೊಂದ ಮೇಲೆ ಗೂಡಿಗೆ ಕೊಂಡಿ ಹಾಕೋ ನಾಯಿನ ನಾನು ನೋಡಿಲ್ಲ," ಎಂದು ಬುಟ್ಟಿಯನ್ನು ಮುಂದಿಟ್ಟರು.

ಮೊಲದವನು ಬಿಳಿ ಮೊಲವನ್ನು ಎತ್ತಿ, ಮೈಯೆಲ್ಲ ತಡವಿ ನೋಡಿದ. "ಬದುಕಿರೋದನ್ನೇ ಗೋಡೆಯಾಚೆ ಎಸೆದಿದ್ದೆ. ಇದನ್ನೂ ಕೊಲ್ಲಲಿಲ್ವಾ ಅದು?"

"ಯಾಕೆ ಮಾಡಿದ್ರಿ?"

"ದಿನಾ ಸಂಜೆ ನನ್ನ ಗೇಟ್ ಮುಂದೆ ಹೋಗುತ್ತೆ ಸರ್. ಮೈಲಿ ದೂರದ ಹಕ್ಕಿ ಅದಕ್ಕೆ ಕಾಣುತ್ತೆ. ನಾನು ಕಾಣಲ್ಲ. ಒಂದು ವರ್ಷ ಕರೆದೆ. ಒಂದು ಸಲನಾದ್ರೂ ತಿರುಗಿ ನೋಡ್ಬಾರ್ದಾ?"

ಸುಳ್ಳು ದೂರು, ಪ್ರಾಣಿಹಿಂಸೆ. ಮೂರು ನಲವತ್ತಕ್ಕೆ ದಸ್ತಗಿರಿ. ಪುರಸಭೆಗೆ ಫೋನ್ ಹೋಯಿತು, ಸೂಜಿ ರದ್ದಾಯಿತು.

ಜೀಪಿನ ಬಳಿ ಟೈಲರಮ್ಮ ಕಡ್ಡಿಯ ಹಗ್ಗ ಹಿಡಿದು ನಿಂತಿದ್ದಳು. ಅವನು ನಿಂತು, ಹಳೆಯ ರೂಢಿಯಂತೆ ಶಿಳ್ಳೆ ಹಾಕಿದ. ಕಡೆಗೂ ನಾಯಿ ತಲೆ ಎತ್ತಿತು. ಅವನ ಮುಖವನ್ನಲ್ಲ, ಸೊಂಟದ ಬೆಲ್ಟನ್ನು ನೋಡಿತು. ಹಗ್ಗ ಕಿತ್ತುಕೊಂಡು ಬಂದು, ಹತ್ತಿರದಲ್ಲಿದ್ದ ಇನ್ಸ್‌ಪೆಕ್ಟರರ ಕಾಲುಗಳ ಹಿಂದೆ ಅವಿತು ಗಡಗಡ ನಡುಗಿತು.

ಜೀಪು ಹೊರಟು ತಿರುವಿನಲ್ಲಿ ಮರೆಯಾಗುವವರೆಗೂ ಇನ್ಸ್‌ಪೆಕ್ಟರ್ ಕಾಲು ಕದಲಿಸಲಿಲ್ಲ.