ಹತ್ತದ ಗೋಬರ್ ಗ್ಯಾಸ್

ಐದನೇ ಕಡ್ಡಿಯೂ ಆರಿತು.

“ಇನ್ನೊಂದು ಗೀರಿ ನೋಡ್ರೀ ಅಮ್ಮಾ,” ಎಂದರು ಸರ್ಕಾರಿ ಆಫೀಸಿನಿಂದ ಬಂದಿದ್ದ ಆನಂದಪ್ಪ ಸಾಹೇಬರು.

ರಾಜೇಶ್ವರಮ್ಮಜ್ಜಿ ಆರನೇ ಕಡ್ಡಿ ಗೀರಿ ಹೊಸ ಒಲೆಯ ಹತ್ತಿರ ಹಿಡಿದರು. ಕಡ್ಡಿ ಉರಿದು ಉರಿದು ಅಜ್ಜಿಯ ಬೆರಳಿಗೇ ಬಿಸಿ ಮುಟ್ಟಿಸಿತು. ಒಲೆ ಮಾತ್ರ ಹತ್ತಲಿಲ್ಲ. ಅದರ ಮೇಲಿಟ್ಟಿದ್ದ ಪಾತ್ರೆಯ ಹಾಲು ತಣ್ಣಗೆ ಕೂತಿತ್ತು.

ಹೊಸ ಒಲೆ ಅಂದಮೇಲೆ ಮೊದಲು ಹಾಲು ಉಕ್ಕಬೇಕು. ಉಳಿದ ಅಡುಗೆ ಏನಿದ್ದರೂ ಆಮೇಲೆ. ಅದಕ್ಕೇ ಅಜ್ಜಿ ಬೀದಿಯವರನ್ನೆಲ್ಲ ಕರೆದುಬಿಟ್ಟಿದ್ದರು. ಅಡುಗೆಮನೆ ತುಂಬಿ, ಒಳಗೆ ಜಾಗ ಸಿಗದವರು ನಡುಮನೆಯಲ್ಲೇ ನಿಂತು ಕತ್ತು ಚಾಚಿ ನೋಡುತ್ತಿದ್ದರು. ಅಜ್ಜಿಯ ಮೊಮ್ಮಗಳು, ಐದನೇ ಕ್ಲಾಸಿನ ಗಂಗಾಶ್ರೀ, ತನ್ನ ಮನೆಯಲ್ಲೇ ಅವ್ವನ ಬೆನ್ನ ಹಿಂದೆ ಅಡಗಿ ನಿಂತಿದ್ದಳು.

ಅದು ಗೋಬರ್ ಗ್ಯಾಸಿನ ಒಲೆ. ಇಡೀ ಊರಿಗೆ ಮೊದಲನೆಯದು. ಹಿತ್ತಲಲ್ಲಿ ಗುಂಡಿ ತೋಡಿ, ಇಟ್ಟಿಗೆ ಸಿಮೆಂಟಿನ ಗುಮ್ಮಟ ಕಟ್ಟಿ, ಮೇಲೆ ಮಣ್ಣು ಮುಚ್ಚಿದ್ದರು. ಪಕ್ಕದ ತೊಟ್ಟಿಯಲ್ಲಿ ಸಗಣಿಗೆ ನೀರು ಸೇರಿಸಿ ಕಲಸಿ ಬಿಟ್ಟರೆ ಗುಮ್ಮಟದೊಳಗೆ ಗ್ಯಾಸ್ ತಯಾರಾಗಿ ಪೈಪಿನಲ್ಲಿ ಒಲೆಗೆ ಬರುತ್ತದೆ. ಇದಕ್ಕೆ ಸರ್ಕಾರದಿಂದ ಸಬ್ಸಿಡಿ ಉಂಟು.

ಯಾಕೆ ಅಂತ ಆನಂದಪ್ಪ ಸಾಹೇಬರು ಸ್ಕೂಲಿಗೇ ಬಂದು ಹೇಳಿದ್ದರು. “ಸೌದೆ ಸುಡೋದು ಕಮ್ಮಿ ಆದ್ರೆ ಕಾಡು ಉಳಿಯುತ್ತೆ. ಹೊಗೆ ಕಮ್ಮಿ ಆದ್ರೆ ನಿಮ್ಮವ್ವನ ಕಣ್ಣೂ ಉಳಿಯುತ್ತೆ, ಭೂಮಿ ಬಿಸಿಯಾಗೋದೂ ಕಮ್ಮಿ ಆಗುತ್ತೆ.”

“ನಮ್ಮವ್ವನ ಒಲೆಯಿಂದ ಭೂಮಿ ಬಿಸಿ ಆಗ್ತೈತಾ ಸಾರ್?” ಎಂದು ರಾಜಕುಮಾರ್ ಕೇಳಿದ್ದ. ಗಂಗಾಶ್ರೀಯ ಕ್ಲಾಸಿನ ರಾಜಕುಮಾರ್‌ಗೆ ಬಾಯಿ ಸುಮ್ಮನಿದ್ದರೆ ತುರಿಕೆ. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತ್ತು.

“ನಿಮ್ಮವ್ವಂದು ಒಂದೇ ಅಲ್ಲಪ್ಪ. ಊರೂರಿನ ಒಲೆಗಳೆಲ್ಲ ಸೇರಿದ್ರೆ ಆಗುತ್ತೆ,” ಎಂದಿದ್ದರು ಸಾಹೇಬರು.

ಗುಮ್ಮಟ ಕಟ್ಟಿದವನು ಅದೇ ಊರಿನ ಗಾರೆ ಕೆಲಸದ ಬೆನಕಪ್ಪ. ಶಿವಮೊಗ್ಗಕ್ಕೆ ಹೋಗಿ ಟ್ರೈನಿಂಗ್ ಮುಗಿಸಿ ಬಂದಿದ್ದ. ಇದು ಅವನ ಕೈಯ ಮೊದಲ ಗುಮ್ಮಟ. ಈ ಒಲೆ ಹತ್ತಿದರೆ ಇನ್ನೂ ನಾಲ್ಕು ಮನೆಯವರು ಅರ್ಜಿ ಕೊಡುವವರಿದ್ದರು. ಕೆಲಸ ನಡೆಯುವಾಗ ಗಂಗಾಶ್ರೀ ದಿನವೂ ಸ್ಕೂಲಿನಿಂದ ಬಂದು ಗುಂಡಿಯ ಹತ್ತಿರ ಕೂರುತ್ತಿದ್ದಳು. “ಬಾರವ್ವ ಇಂಜಿನಿಯರ್,” ಎಂದು ಬೆನಕಪ್ಪ ಕರೆದು ಅವಳ ಕೈಗೂ ಗಾರೆ ಮೆತ್ತುವ ಕರಣೆ ಕೊಡುತ್ತಿದ್ದ.

ಮೊನ್ನೆ ಶುಕ್ರವಾರ ಒಲೆ ಹತ್ತಿತ್ತು ಕೂಡ! ಬೆನಕಪ್ಪ ಒಬ್ಬನೇ ಬಂದು ಪರೀಕ್ಷೆ ಮಾಡಿದ್ದ. ನೀಲಿ ಉರಿ ಬುಸ್ಸೆಂದು ಎದ್ದಿತ್ತು. “ಮೊದಲ ಗ್ಯಾಸ್ ಎಲ್ಲಾ ಹೊರಗೆ ಬಿಡಬೇಕು, ಬಿಟ್ಟೀನಿ. ಸೋಮವಾರಕ್ಕೆ ಹೊಸದು ತುಂಬಿರ್ತೈತೆ, ಹಾಲು ಉಕ್ಕಿಸ್ರಿ,” ಎಂದು ಹೇಳಿ ಹೋಗಿದ್ದ.

ಶನಿವಾರ ಸ್ಕೂಲು ಬಿಟ್ಟಾಗ ರಾಜಕುಮಾರ್ ಶುರು ಮಾಡಿದ. “ಏ ಗಂಗಾ, ಸೋಮವಾರ ನಿಮ್ಮ ಮನೇಲಿ ಸಗಣಿ ಹಾಲು ಅಂತೆ? ಸಾಹೇಬ್ರು ಮೂಗು ಮುಚ್ಕೊಂಡು ಕುಡೀತಾರಾ, ಬಾಯಿ ಮುಚ್ಕೊಂಡು ಕುಡೀತಾರಾ?”

ಹುಡುಗರೆಲ್ಲ ನಕ್ಕರು. ಗಂಗಾಶ್ರೀಗೆ ಅಳುವೇ ಬಂತು. ಮನೆಗೆ ಬಂದು ತೊಟ್ಟಿಯ ಹತ್ತಿರ ಮೂಸಿ ನೋಡಿದಳು. ಹೌದು, ನಾತ. ಬೀದಿಯವರೆಲ್ಲ ಬಂದು ಮೂಗು ಮುಚ್ಚಿಕೊಂಡರೆ ಗತಿ ಏನು? ಕೊಟ್ಟಿಗೆ ತೊಳೆಯಲು ಅಪ್ಪ ತಂದಿಟ್ಟಿದ್ದ ಫಿನಾಯಿಲ್ ಕ್ಯಾನು ಮೂಲೆಯಲ್ಲೇ ಇತ್ತು. ಅದನ್ನು ತೊಟ್ಟಿಗೆ ಬಗ್ಗಿಸಿದಳು. ಎರಡು ಬಕೀಟು ನೀರು ಹುಯ್ದು ಗುಮ್ಮಟದೊಳಕ್ಕೆ ತಳ್ಳಿದಳು. ನಾತ ಹೋಯಿತು. ಅವಳಿಗೆ ಬಹಳ ಸಮಾಧಾನವಾಯಿತು.

ಈಗ ಆ ಸಮಾಧಾನ ಎಲ್ಲಿ ಹೋಯಿತೋ!

“ಗುಮ್ಮಟ ಬಿರುಕು ಬಿಟ್ಟಿರಬೇಕು,” ಎಂದರು ಸಾಹೇಬರು. “ಬೆನಕಪ್ಪ, ಏನಯ್ಯ ಇದು? ಇಷ್ಟೇನಾ ಟ್ರೈನಿಂಗಲ್ಲಿ ಕಲಿತದ್ದು?”

“ನೋಡ್ಕೊಂಡು ಬರ್ತೀನ್ರೀ,” ಎಂದು ಬೆನಕಪ್ಪ ಹಿತ್ತಲಿಗೆ ಹೋದ. ವಾಪಸ್ ಬಂದವನು ಏನೂ ಹೇಳಲಿಲ್ಲ. ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತ.

“ನಮಗಂತೂ ಬ್ಯಾಡಪ್ಪ ಈ ಗ್ಯಾಸು,” ಎಂದರು ಪಕ್ಕದ ಮನೆಯ ತುಂಗಮ್ಮ. “ನಮಗೂ ಬ್ಯಾಡ,” ಎಂದು ಇನ್ಯಾರೋ ಅಂದರು. ಸಾಹೇಬರು ಜೇಬಿನಿಂದ ಪೆನ್ನು ತೆಗೆದು ಫಾರಂ ಬಿಡಿಸಿದರು.

“ಕೆಲಸ ಸರಿಯಿಲ್ಲ ಅಂತ ಬರೀಬೇಕಾಗುತ್ತೆ. ಇನ್ನು ಮುಂದೆ ನಿನ್ನ ಕೈಲಿ ಯಾರೂ ಕಟ್ಟಿಸೋ ಹಂಗಿಲ್ಲ.”

ಬೆನಕಪ್ಪ ಆಗಲೂ ತುಟಿ ಬಿಚ್ಚಲಿಲ್ಲ. ಗಂಗಾಶ್ರೀಗೆ ಮಾತ್ರ ತಡೆಯಲಾಗಲಿಲ್ಲ.

“ಬರೀಬ್ಯಾಡ್ರೀ ಸಾರ್!” ಎಂದು ಅವ್ವನ ಹಿಂದಿನಿಂದ ಈಚೆ ಬಂದಳು. “ಗುಮ್ಮಟ ಚಲೋ ಐತೆ. ನಾನೇ... ನಾನೇ ಫಿನಾಯಿಲ್ ಹಾಕಿದ್ದು.”

“ಎಷ್ಟು?” ಎಂದರು ಸಾಹೇಬರು.

“ಅರ್ಧ ಕ್ಯಾನು.”

ಅಪ್ಪ ಪರಮಶಿವಪ್ಪನ ಮುಖ ಕೆಂಪಾಯಿತು. “ಎಲಾ ಇವಳ! ಯಾರು ಹೇಳಿದ್ರು ನಿಂಗೆ...”

“ನಾತ ಬರ್ತಿತ್ತು ಅಪ್ಪಾ,” ಎಂದು ಗಂಗಾಶ್ರೀ ಅಳಲು ಶುರು ಮಾಡಿದಳು.

“ಬೈಬ್ಯಾಡ ಬಿಡೋ,” ಎಂದರು ಅಜ್ಜಿ. “ಮನೆಗೆ ನಾಲ್ಕು ಜನ ಬರ್ತಾರೆ ಅಂದ್ರೆ ಚೊಕ್ಕಟ ಇಡಬೇಕು ಅಂತ ಕಲಿಸಿದೋಳು ನಾನೇ. ಬೈಯೋದಾದ್ರೆ ನನ್ನನ್ನೇ ಬೈ.” ತಾಯಿಯನ್ನು ಬೈಯುವ ಧೈರ್ಯ ಅಪ್ಪನಿಗೆ ಎಲ್ಲಿಂದ ಬರಬೇಕು?

ಸಾಹೇಬರಿಗೆ ನಗು ಬಂದುಬಿಟ್ಟಿತು. “ನೋಡಮ್ಮ ಮರಿ, ಸಗಣಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಗ್ಯಾಸ್ ಮಾಡೋದು ಅವೇ. ನೀನು ಫಿನಾಯಿಲ್ ಕುಡಿಸಿ ಎಲ್ಲಾನೂ ಮಲಗಿಸಿಬಿಟ್ಟಿದ್ದೀಯ.”

“ಮೊಸರಿನ ಹೆಪ್ಪು ಕೆಟ್ಟಂಗೆ ಅನ್ರಿ,” ಎಂದರು ಅಜ್ಜಿ. “ಅಷ್ಟೇ ತಾನೆ? ಬೇರೆ ಕಡೆಯಿಂದ ಹೆಪ್ಪು ತಂದು ಹಾಕಿದ್ರಾಯ್ತು.”

“ಅದೇ ಸರಿ ನೋಡ್ರೀ,” ಎಂದು ಸಾಹೇಬರು ಖುಷಿಯಾದರು. ಗುಂಡಿಯಲ್ಲಿರುವ ಹಳೆಯ ಸಗಣಿ ಬಗ್ಗಡ ತೆಗೆದುಹಾಕಬೇಕು. ಚೆನ್ನಾಗಿ ನಡೆಯುತ್ತಿರುವ ಗುಮ್ಮಟದಿಂದ ಎರಡು ಡ್ರಮ್ ಬಗ್ಗಡ ತರಬೇಕು. ಶಿರಾಳಕೊಪ್ಪದ ಹತ್ತಿರ ಒಂದಿದೆ. ಅದರ ಜೊತೆಗೆ ಗಾಡಿಗಟ್ಟಲೆ ಹೊಸ ಸಗಣಿ ಬೇಕು. “ಮೂರು ವಾರ ಬಿಟ್ಟು ಬರ್ತೀನಿ. ಅಲ್ಲೀತನಕ ಫಾರಂ ಖಾಲಿ ಇರಲಿ.”

ಪೆನ್ನು ಜೇಬಿಗೆ ಹೋಯಿತು. ಹಾಲು ಸೌದೆ ಒಲೆಗೆ ಹೋಗಿ, ಚಹಾ ಆಗಿ ಬಂತು. ಗ್ಯಾಸ್ ಬೇಡ ಅಂದಿದ್ದ ತುಂಗಮ್ಮ ಎರಡು ಲೋಟ ಕುಡಿದು, “ನಮ್ಮ ಕೊಟ್ಟಿಗೆ ಸಗಣೀನೂ ಒಯ್ಯಿರಿ,” ಎಂದರು.

ಮಾರನೇ ದಿನದಿಂದ ಬೆನಕಪ್ಪ ಗುಂಡಿಯಿಂದ ಹಳೆಯ ಬಗ್ಗಡ ಎತ್ತಿಹಾಕಿದ. ಎರಡು ದಿನ ಹಿಡಿಯಿತು. ಮೂರನೇ ದಿನ ಶಿರಾಳಕೊಪ್ಪದಿಂದ ಡ್ರಮ್ ಬಂದವು. ಸಂಜೆ ಸ್ಕೂಲು ಬಿಟ್ಟ ಮಕ್ಕಳೆಲ್ಲ ಮನೆಮನೆಯಿಂದ ಸಗಣಿ ಹೊತ್ತು ತಂದರು. ರಾಜಕುಮಾರ್ ದೊಡ್ಡ ಪುಟ್ಟಿಯನ್ನೇ ತಲೆ ಮೇಲೆ ಹೊತ್ತುಕೊಂಡು ಬಂದ. ಅದರ ರಸ ಕಿವಿಯವರೆಗೂ ಇಳಿದಿತ್ತು.

“ಏ, ಸಗಣಿ ರಾಜ!” ಎಂದಳು ಗಂಗಾಶ್ರೀ.

“ನಿಂದೇ ಗ್ಯಾಸು, ನಿಂದೇ ಮಾತು,” ಎಂದು ಅವನು ಹಲ್ಲು ಕಿರಿದ.

ಬೆನಕಪ್ಪ ತೊಟ್ಟಿಯ ಒಳಗೋಡೆಯನ್ನು ತಿಕ್ಕಿ ತೊಳೆಯುತ್ತಿದ್ದ. “ಇನ್ನೂ ಅದರ ವಾಸನೆ ಐತೆ ನೋಡವ್ವ,” ಎಂದ. “ಆವತ್ತಂತೂ ಇಲ್ಲಿ ಬಗ್ಗಿದ ಕೂಡ್ಲೆ ಮೂಗಿಗೆ ಹೊಡೀತು.”

ಗಂಗಾಶ್ರೀಯ ಕೈ ಬಕೀಟಿನ ಮೇಲೆ ಹಾಗೇ ನಿಂತಿತು. “ಯಾವತ್ತು ಕಾಕಾ?”

“ಸಾಹೇಬ್ರು ಬಂದಿದ್ರಲ್ಲ, ಆವತ್ತು.”

“ಅಂದ್ರೆ ಸಾಹೇಬ್ರು ಬೈಯೋವಾಗ ನಿಂಗೆ ಗೊತ್ತಿತ್ತಾ?”

“ಹೂಂ.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಬೆನಕಪ್ಪ ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಬೀದಿ ಜನ ಎಲ್ಲ ಕೂಡಿದ್ರಲ್ಲವ್ವ. ನಿನ್ನ ಮುಖ ನೋಡ್ದೆ. ಅಷ್ಟು ಜನರ ಎದುರಿಗೆ ಹೆಂಗೆ ಹೇಳೋದು? ಹೂಂ, ತಾ ತಾ, ಇನ್ನೊಂದು ಬಕೀಟು ತಾ.”

ಅಷ್ಟು ಜನರ ಎದುರಿಗೇ ಅವನು ಬೈಸಿಕೊಂಡಿದ್ದ. ಪೆನ್ನು ಹೊರಗೆ ಬಂದಾಗಲೂ ಸುಮ್ಮನೆ ನಿಂತಿದ್ದ. ಗಂಗಾಶ್ರೀ ಕೊಟ್ಟಿಗೆಗೆ ಹೋಗಿ ಬಕೀಟಿನ ಅಂಚಿನವರೆಗೂ ಸಗಣಿ ತುಂಬಿದಳು. ಎತ್ತಿದರೆ ನೆಲ ಬಿಟ್ಟು ಏಳಲೇ ಒಲ್ಲದು.

“ಅರ್ಧ ತಗಿಯೇ. ಇಲ್ಲಾಂದ್ರೆ ತಾ, ಒಂದು ಕಡೆ ನಾನು ಹಿಡೀತೀನಿ,” ಎಂದು ರಾಜಕುಮಾರ್ ಬಂದ.

“ಬ್ಯಾಡ,” ಎಂದಳು ಗಂಗಾಶ್ರೀ. “ಇದನ್ನ ನಾನೊಬ್ಬಳೇ ಒಯ್ತೀನಿ.”

ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಮೂರು ಕಡೆ ಇಳಿಸಿ, ಮತ್ತೆ ಎತ್ತಿ, ಅವಳು ಅದನ್ನು ಬೆನಕಪ್ಪನ ಹತ್ತಿರ ಒಯ್ದಳು.