ಮರ್ವಿನ್ ಕೊಲ್ಲದೆ ಬಿಟ್ಟ ಹುಡುಗಿ

"ಇವತ್ತು ನಾನೂ ಹ್ಯಾಮಿಶೂ ಒಟ್ಟಿಗೆ ಸಾಯ್ತೀವಿ ಕಣೇ! ನೀನು ಟೀ ಕಡೆ ನೋಡ್ಕೋ, ಆಯ್ತಾ?"

ಸಭೆಗೆಂದು ಬಾಡಿಗೆ ಹಿಡಿದಿದ್ದ ಬೌಲಿಂಗ್ ಕ್ಲಬ್ಬಿನ ಬಾಗಿಲಲ್ಲೇ ಹೀಗೆಂದ ಗ್ರೆಟಾ, ಹ್ಯಾಮಿಶ್‌ನ ತೋಳಿಗೆ ಇನ್ನಷ್ಟು ಜೋತುಬಿದ್ದಳು.

ಲ್ಯಾಮಿಂಗ್ಟನ್ ಕೇಕಿನ ತಟ್ಟೆ ಹಿಡಿದು ಬಂದಿದ್ದ ಮೆರೆಡಿತ್ ಗಕ್ಕನೆ ನಿಂತಳು. ಹ್ಯಾಮಿಶ್ ತಲೆಯೆತ್ತಿದ. ಕಣ್ಣು ಕಣ್ಣು ಸೇರಿದವು.

"ಹೇಗಿದೀಯ ಮೆರೆಡಿತ್?"

"ಬದುಕಿದೀನಿ," ಎಂದಳು ಚುಟುಕಾಗಿ.

ಅದೇ ತಾನೇ ಅವಳ ಸಂಕಟ!

ನಮ್ಮ ಹೋಬಾರ್ಟ್‌ನಲ್ಲಿ ಮರ್ವಿನ್ ಹಾಲ್ಪಿನ್ ಅಭಿಮಾನಿಗಳ ಕ್ಲಬ್ಬಿಗೆ ಸೇರಿದವರ ಬುದ್ಧಿಯೇ ಹಾಗೆ. ಮೂನಾ ಬಡಾವಣೆಯ ಪುಟ್ಟ ಮನೆಯಲ್ಲಿ ಕೂತು ಜೀವಮಾನವಿಡೀ ಅಂತರಿಕ್ಷ ನೌಕೆಗಳ ಕಥೆ ಬರೆದ ಮರ್ವಿನ್‌ಗೆ ಒಂದು ಚಾಳಿಯಿತ್ತು. ಕ್ಲಬ್ಬಿನವರ ಹೆಸರನ್ನೇ ಪಾತ್ರಗಳಿಗಿಟ್ಟು, ಕಾದಂಬರಿಯಲ್ಲಿ ಕೊಂದುಬಿಡುತ್ತಿದ್ದರು! ಒಬ್ಬರನ್ನು ಶನಿಯ ಉಂಗುರ ನುಂಗಿತ್ತು, ಇನ್ನೊಬ್ಬರು ನೌಕೆಯ ಬಾಗಿಲು ಹಾಕಲು ಮರೆತು ಪ್ರಾಣ ಬಿಟ್ಟಿದ್ದರು. ಯಾರನ್ನು ಕೊಂದರೋ ಅವರ ಮೇಲೆ ಮರ್ವಿನ್‌ಗೆ ಪ್ರೀತಿಯಿದೆ ಎಂದೇ ಎಲ್ಲರ ಲೆಕ್ಕ. ಹೇಗೆ ಸಾಯಬೇಕೆಂದು ಕೇಳಿಕೊಳ್ಳಲೂ ಬಹುದಿತ್ತು.

ಹೋದ ತಿಂಗಳು ಸ್ವತಃ ಮರ್ವಿನ್ ಹೋಗಿಬಿಟ್ಟರು. ಇವತ್ತು ಅವರ ನೆನಪಿನ ಸಭೆ. ಒಬ್ಬೊಬ್ಬರೂ ಎದ್ದು ನಿಂತು, ಪುಸ್ತಕದಲ್ಲಿ ತಾವು ಸತ್ತ ಪುಟವನ್ನು ಓದಬೇಕು.

ಮೆರೆಡಿತ್‌ಗೆ ಓದಲು ಪುಟವೇ ಇರಲಿಲ್ಲ.

ಔಷಧಿ ಅಂಗಡಿಯ ಕೆಲಸಕ್ಕೆ ರಜೆ ಹಾಕಿ, ಮರ್ವಿನ್‌ರನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವಳು ಅವಳು. ದಾರಿಯುದ್ದಕ್ಕೂ ಅವರ ಬೈಗುಳ, ತಮಾಷೆ, ಕೆಮ್ಮು ಎಲ್ಲಕ್ಕೂ ಕಿವಿಯಾದವಳು ಅವಳು. "ಮುಂದಿನ ಪುಸ್ತಕದಲ್ಲಿ ನಿನ್ನದೇ ಸರದಿ ಹುಡುಗಿ, ಎಂಥಾ ಸಾವು ಕೊಡ್ತೀನಿ ನೋಡು!" ಎಂದಿದ್ದರು.

ಪುಸ್ತಕ ಬಂತು. ಅದೇ ಅವರ ಕೊನೆಯ ಪುಸ್ತಕ. ಅದರಲ್ಲಿ ಸತ್ತವಳು ಗ್ರೆಟಾ! ಅದೂ ಹ್ಯಾಮಿಶ್‌ನ ಕೈ ಹಿಡಿದು, ಅವನ ಎದೆಗೊರಗಿ...

ಸೇವೆ ಮಾಡಿದವಳು ನಾನು, ಸಾಯುವ ಭಾಗ್ಯ ಅವಳಿಗೆ!

ಅದಕ್ಕೂ ಮೊದಲು ಇನ್ನೊಂದನ್ನು ಅವಳು ಕಣ್ಣಾರೆ ಕಂಡಿದ್ದಳು. ಬಂದರಿನಲ್ಲಿ ಮೀನುದೋಣಿಗಳ ಎಂಜಿನ್ ರಿಪೇರಿ ಮಾಡುವ ಹ್ಯಾಮಿಶ್, ಒಂದು ಮಧ್ಯಾಹ್ನ ಮರ್ವಿನ್‌ರ ಆಸ್ಪತ್ರೆ ಕೋಣೆಯಿಂದ ಹೊರಬಂದಿದ್ದ. ಮುಖ ಕೆಂಪೇರಿತ್ತು. "ಏನು ಕೇಳ್ಕೊಂಡೆ?" ಎಂದಿದ್ದಕ್ಕೆ "ಏನಿಲ್ಲ... ಒಂದು ಸಣ್ಣ ಉಪಕಾರ," ಎಂದು ತಪ್ಪಿಸಿಕೊಂಡಿದ್ದ. ಪುಸ್ತಕ ಓದಿದ ಮೇಲೆ ಆ ಉಪಕಾರ ಏನೆಂದು ಅವಳಿಗೆ ಅರ್ಥವಾಗಿಹೋಯಿತು. ಅಂದಿನಿಂದ ಅವನ ಫೋನು ಎತ್ತಿರಲಿಲ್ಲ.

ಅವನಿಗೆ ಕ್ಲಬ್ಬಿನ ಮೊದಲ ಸಭೆಯಲ್ಲೇ ಮನಸ್ಸು ಕೊಟ್ಟವಳು ಅವಳು. ಹೇಳಿರಲಿಲ್ಲ, ಅಷ್ಟೇ.

ಸಭೆ ಶುರುವಾಯಿತು. ಹೊರಗೆ ಚಳಿ, ಬೆಟ್ಟದ ತುದಿಯಲ್ಲಿ ಹಿಮ. ಒಳಗೆ ಒಬ್ಬರಾದ ಮೇಲೊಬ್ಬರು ಎದ್ದು ಸಾಯುತ್ತಿದ್ದರು, ಉಳಿದವರು ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು. ಮುಂದಿನ ಸಾಲಿನಲ್ಲಿ ಮರ್ವಿನ್‌ರ ಹೆಂಡತಿ ಡಾಟ್, ಪ್ರತಿ ಸಾವಿಗೂ ಚಪ್ಪಾಳೆ ತಟ್ಟುತ್ತಿದ್ದರು.

"ಈಗ ನಮ್ಮ ಜೋಡಿ!" ಎಂದು ಗ್ರೆಟಾ ಎದ್ದಳು.

ಹ್ಯಾಮಿಶ್‌ನ ಕೈ ಹಿಡಿದುಕೊಂಡಳು, ಇಬ್ಬರೂ ಒಂದೇ ಪುಸ್ತಕ ಹಿಡಿದು ನಿಂತರು. ಗ್ರೆಟಾಳ ಮಾತು ಜೇನಿನಂತೆ ಹರಿಯಿತು. ಹ್ಯಾಮಿಶ್ ಮಾತ್ರ ತಡವರಿಸಿದ. "ಗಾಳಿ ಮುಗಿಯುತ್ತಿದೆ... ನನ್ನ ಕೈ ಬಿಡಬೇಡ..." ಎನ್ನುವಲ್ಲಿ ಓದು ನಿಲ್ಲಿಸಿ ಮುಖ ತಿರುಗಿಸಿಕೊಂಡ.

ಅಬ್ಬಾ, ಅವಳಿಗಾಗಿ ಎಷ್ಟು ದುಃಖ ಇವನಿಗೆ!

ಮೆರೆಡಿತ್‌ಳ ಹೊಟ್ಟೆಗೆ ಬೆಂಕಿ ಬಿತ್ತು. ಅವಳು ಸದ್ದಿಲ್ಲದೆ ಅಡುಗೆಮನೆಗೆ ನುಗ್ಗಿ, ಒಲೆಯಲ್ಲಿ ಬಿಸಿಗಿಟ್ಟಿದ್ದ ಸಾಸೇಜ್ ರೋಲುಗಳನ್ನು ಹೊರಗೆಳೆದು ತಟ್ಟೆಗೆ ಕುಕ್ಕತೊಡಗಿದಳು.

"ಅವು ಏನು ಪಾಪ ಮಾಡಿದ್ವು ನಿಂಗೆ?"

ಹಿಂದೆ ಹ್ಯಾಮಿಶ್!

"ಹೋಗು, ನಿನ್ನ ಜೊತೆ ಸತ್ತವಳು ಅಲ್ಲಿ ಕಾಯ್ತಿರ್ತಾಳೆ."

"ಮೆರೆಡಿತ್... ಫೋನ್ ಯಾಕೆ ಎತ್ತಲ್ಲ? ನಾನೇನು ತಪ್ಪು ಮಾಡಿದೆ?"

"ತಪ್ಪೇನಿದೆ? ಆಸ್ಪತ್ರೆವರೆಗೂ ಹೋಗಿ ಬೇಡ್ಕೊಂಡೆ, ಸಿಕ್ತು. ಗ್ರೆಟಾ ಸುಂದರಿ, ಚೆನ್ನಾಗಿ ಸಾಯ್ತಾಳೆ. ನಾನು ಕಾರು ಓಡಿಸೋಕೆ, ಟೀ ಕಾಯಿಸೋಕೆ ಸಾಕು. ಒಂದು ಪುಟಕ್ಕೂ ಯೋಗ್ಯತೆ ಇಲ್ದವಳು!"

ಅವನು ಬಾಯಿ ತೆರೆದ. ಅಷ್ಟರಲ್ಲಿ ಇನ್ನೊಂದು ದನಿ ಅಡ್ಡ ಬಂತು.

"ಅಯ್ಯೋ ಪೆದ್ದೇ!"

ಬಾಗಿಲಲ್ಲಿ ಖಾಲಿ ಟೀ ಕೆಟಲ್ ಹಿಡಿದು ಡಾಟ್ ನಿಂತಿದ್ದರು.

"ಆ ಪುಟ ನಿಂದೇ ಆಗಿತ್ತು ಕಣೇ. ಮರ್ವಿನ್ ಬರೆದಿದ್ದು ನಿನ್ನನ್ನ. ಇವನ ಕೈ ಹಿಡ್ಕೊಂಡು ಸತ್ತಿದ್ದು ನೀನು, ಗ್ರೆಟಾ ಅಲ್ಲ! ನಿಮ್ಮಿಬ್ರಿಗೂ ಬಾಯಿ ಇಲ್ಲ ಅಂತ, ಪುಸ್ತಕದಲ್ಲಾದ್ರೂ ಜೋಡಿ ಮಾಡೋಣ ಅಂತಿದ್ದ. ಅಚ್ಚಿಗೆ ಹೋಗೋ ಮುಂಚೆ ಇವನಿಗೆ ಓದೋಕೆ ಕೊಟ್ಟ. ಈ ಮಹಾರಾಯ ಆಸ್ಪತ್ರೆಗೆ ಓಡಿ ಬಂದು, ಹಾಸಿಗೆ ಪಕ್ಕ ಕೂತು ಮಗು ಥರ ಅತ್ತ. ಅವಳನ್ನ ಮಾತ್ರ ಕೊಲ್ಬೇಡಿ ಅಂತ!"

ಮೆರೆಡಿತ್ ಹ್ಯಾಮಿಶ್‌ನತ್ತ ತಿರುಗಿದಳು. ಅವಳಿಗೆ ಮೊದಲು ಬಂದದ್ದು ಸಿಟ್ಟು!

"ನನ್ನ ಸಾವನ್ನ ತಗೊಂಡು ಹೋಗಿ ಗ್ರೆಟಾಗೆ ದಾನ ಮಾಡಿದ್ಯಾ?"

"ನಾನು ಕೊಡ್ಲಿಲ್ಲ... ಯಾರಾದ್ರೂ ಒಬ್ರು ಬೇಕಲ್ಲ ಅಂತ ಅವರೇ ಹಾಕಿದ್ರು."

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ? ಅವರಿಗೆ ನಾನು ಬೇಡವಾದೆ ಅಂದ್ಕೊಂಡು ಎಷ್ಟು ಅತ್ತೆ ಗೊತ್ತಾ? ಅವರು ಹೋದ ದಿನಾನೂ ಅದೇ ಕೊರಗು ನಂಗೆ!"

ಹ್ಯಾಮಿಶ್ ತಲೆ ತಗ್ಗಿಸಿದ.

"ತಪ್ಪಾಯ್ತು. ಆದ್ರೆ ಕೇಳು... ಕ್ಲಬ್ಬಲ್ಲಿ ಎಲ್ರ ಸಾವನ್ನೂ ಬಿದ್ದು ಬಿದ್ದು ನಕ್ಕು ಓದಿದೀನಿ. ನಿಂದು ಓದುವಾಗ, ನಿನ್ನ ಉಸಿರು ನಿಂತೋಯ್ತು ಅಂತ ಬರೆದಿದ್ರಲ್ಲ, ಅಲ್ಲಿಂದ ಮುಂದಕ್ಕೆ ಆಗ್ಲೇ ಇಲ್ಲ. ಪುಟ ತಿರುಗಿಸೋಕೆ ಕೈ ಬರ್ಲಿಲ್ಲ. ಈಗ ಹೊರಗೆ ಓದ್ತಿದ್ದಾಗಲೂ ಅಲ್ಲಿ ಕಾಣಿಸಿದ್ದು ನೀನೇ."

ಡಾಟ್ ಕೆಟಲ್ ಕೆಳಗಿಟ್ಟರು. "ನನ್ನನ್ನೂ ಅವನು ಒಂದು ಪುಸ್ತಕದಲ್ಲೂ ಕೊಂದಿಲ್ಲ ಕಣೇ. ಯಾಕೋ ಅಂತ ಒಂದು ಸಲ ಕೇಳಿದ್ದೆ. ನಿನ್ನನ್ನ ಕೊಂದ್ರೆ ಆಮೇಲೆ ಬರೆಯೋಕೆ ಕೂರೋದು ಹೇಗೆ ಅಂದಿದ್ದ. ಈ ಹುಡುಗ ಅತ್ತು ಹೋದ ಮೇಲೆ, 'ಇವನಿಗೂ ನನ್ನ ಕಾಯಿಲೆನೇ ಡಾಟ್' ಅಂತ ನಿನ್ನ ಹೆಸರು ಹೊಡೆದು ಹಾಕಿದ."

ಅಷ್ಟು ಹೇಳಿ ಸೆರಗಿಲ್ಲದ ಆ ಮುದುಕಿ ಅಂಗೈಯಿಂದಲೇ ಕಣ್ಣೊರೆಸಿಕೊಂಡು, ಸಾಸೇಜ್ ರೋಲಿನ ತಟ್ಟೆ ಎತ್ತಿಕೊಂಡು ಹೊರಟುಬಿಟ್ಟರು.

ಮೆರೆಡಿತ್ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ಇಷ್ಟು ದಿನ ಹೊಟ್ಟೆಕಿಚ್ಚಿನ ಹೊಗೆಯಲ್ಲಿ ಅವಳಿಗೆ ಮರ್ವಿನ್‌ಗಾಗಿ ಸರಿಯಾಗಿ ಅಳಲೂ ಆಗಿರಲಿಲ್ಲ. ಈಗ ಅಳು ಉಕ್ಕಿ ಬಂತು. ಕಾರಿನ ಮುಂದಿನ ಸೀಟಿನಲ್ಲಿ ಕೂತು ದಾರಿ ತಪ್ಪು ಎಂದು ಗೊಣಗುತ್ತಿದ್ದ ಆ ಮುದುಕ ಇನ್ನೆಂದೂ ಬರುವುದಿಲ್ಲ...

ಹ್ಯಾಮಿಶ್ ಅವಳೆದುರು ಮೊಣಕಾಲೂರಿ ಕೂತ. ಎಂಜಿನ್ ಎಣ್ಣೆಯ ಕಲೆ ಹೋಗದ ಅವನ ಕೈ ಅವಳ ಕೈ ಹಿಡಿಯಿತು. ಅವಳು ಬಿಡಿಸಿಕೊಳ್ಳಲಿಲ್ಲ.

"ಗ್ರೆಟಾ ಕೈ ಬೆಚ್ಚಗಿತ್ತಾ?" ಬಿಕ್ಕುತ್ತಲೇ ಕೇಳಿದಳು.

"ಗೊತ್ತಿಲ್ಲ. ಗಮನಿಸ್ಲಿಲ್ಲ."

"ಸುಳ್ಳು!"

"ನಿನ್ನಾಣೆ."

ಹೊರಗೆ ಯಾರೋ ಇನ್ನೊಂದು ಸಾವನ್ನು ಓದುತ್ತಿದ್ದರು, ಸಭೆ ಗೊಳ್ಳೆಂದು ನಗುತ್ತಿತ್ತು.

"ಇನ್ಮೇಲೆ ನನ್ನನ್ನ ಕೊಲ್ಲೋಕೆ ಯಾರೂ ಇಲ್ಲ ಹ್ಯಾಮಿಶ್... ಮರ್ವಿನ್ ಹೋಗ್ಬಿಟ್ರು."

"ಹಾಗಾದ್ರೆ ಬದುಕ್ಬೇಕಾಗತ್ತೆ ಕಣೇ."

"ಒಬ್ಳೇನಾ?"

"ಅದು ಹೇಗಾಗತ್ತೆ? ನಾನಿಲ್ವಾ!"