ಕಾಣದ ಸಾಲು ಓದಿದ ಮಧುರಾ

"ಪ, ಠ, ಲ, ಣ, ಭ," ಎಂದು ಸಮರ್ಥ್ ಚಾರ್ಟಿನ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದ. ಅಷ್ಟಕ್ಕೇ ಸುಮ್ಮನಾಗುವ ಹುಡುಗನೇ ಅವನು? ಅದರ ಕೆಳಗಿದ್ದ ಪುಟ್ಟ ಅಕ್ಷರಗಳನ್ನೂ ಬಿಡಲಿಲ್ಲ. "ಮುದ್ರಣ, ಅವೆನ್ಯೂ ರಸ್ತೆ, ಬೆಂಗಳೂರು."

ಐದನೇ ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು.

"ಅದನ್ನ ಯಾರಪ್ಪಾ ಕೇಳಿದ್ರು ನಿನ್ನ?" ಎಂದರು ಮಕ್ಕಳ ಕಣ್ಣು ಪರೀಕ್ಷೆಗೆ ಬಂದಿದ್ದ ಕಮರುನ್ನೀಸಾ ಮೇಡಂ. ಅವರಿಗೂ ನಗು ಬಂದಿತ್ತು. "ಇನ್ನು ಎಲ್ಲಾರೂ ಅದನ್ನೇ ಓದ್ತಾ ನಿಂತ್ಕೋತೀರ. ತಡೀರಿ." ಒಂದು ಬಿಳಿ ಚೀಟಿ ತೆಗೆದು ಆ ವಿಳಾಸದ ಮೇಲೆ ಅಂಟಿಸಿಬಿಟ್ಟರು.

ಹಿಂದೆ ನಿಂತಿದ್ದ ಮಧುರಾ ಇದನ್ನು ನೋಡಲಿಲ್ಲ, ಮೇಡಂ ಮಾತೂ ಅವಳ ಕಿವಿಗೆ ಬೀಳಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು, ತುಟಿ ಮಾತ್ರ ಆಡಿಸುತ್ತ, ಮುಂದಿನವರು ಓದಿದ್ದನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದಳು.

ಮಧುರಾಳ ಮನೆ ವಿಮಾನ ನಿಲ್ದಾಣದ ಪಕ್ಕದ ಮುರುಗೇಶಪಾಳ್ಯದಲ್ಲಿ. ತಲೆಯ ಮೇಲೆ ವಿಮಾನ ಬಂದರೆ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿಸುವುದು ಅಲ್ಲಿ ಎಲ್ಲರಿಗೂ ರೂಢಿ. ದೊಡ್ಡವಳಾದ ಮೇಲೆ ಏರ್‌ಫೋರ್ಸ್ ಪೈಲಟ್ ಆಗುವುದೆಂದು ಅವಳು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು. ಆದರೆ ಮಹಡಿ ಮನೆಯ ಹಂಸ ಅಕ್ಕ ಅದೇ ಆಸೆ ಹೊತ್ತು ಹೋದವಳು, ಕನ್ನಡಕ ಇದೆಯೆಂದು ಮೆಡಿಕಲ್ ಪರೀಕ್ಷೆಯಿಂದ ವಾಪಸ್ಸು ಬಂದಿದ್ದಳು.

ಈಚೆಗೆ ಕ್ಲಾಸಿನ ಬೋರ್ಡು ಮಸುಕಾಗಿ ಕಾಣತೊಡಗಿದಾಗಿನಿಂದ ಮಧುರಾಗೆ ಅದೇ ದಿಗಿಲು. ಕನ್ನಡಕ ಬಂತೆಂದರೆ ವಿಮಾನ ಹೋಯಿತು. ಬೋರ್ಡು ಬಿಟ್ಟು ಸಮರ್ಥ್‌ನ ನೋಟ್ಸ್ ನೋಡಿ ಬರೆದುಕೊಳ್ಳುತ್ತಿದ್ದಳು. ಅಮ್ಮನಿಗೂ ಹೇಳಿರಲಿಲ್ಲ.

ಅವಳ ಸರದಿ ಬಂತು. ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದು ಶುರು ಮಾಡಿದಳು. ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲದೆ ಓಡುವ ಎಕ್ಸ್‌ಪ್ರೆಸ್ ರೈಲಿನ ಹಾಗೆ, ಮೇಲಿನಿಂದ ಕೆಳಗಿನವರೆಗೆ ಎಲ್ಲೂ ತಡೆಯಲಿಲ್ಲ.

"ಪ, ಠ, ಲ, ಣ, ಭ, ಮುದ್ರಣ, ಅವೆನ್ಯೂ ರಸ್ತೆ, ಬೆಂಗಳೂರು."

ಈ ಸಲ ಯಾರೂ ನಗಲಿಲ್ಲ.

"ಕೊನೇದು ಎಲ್ಲಿ ಕಾಣ್ತು ಬೇಟಾ?" ಎಂದರು ಮೇಡಂ.

"ಅಲ್ಲೇ, ಕೆಳಗೆ."

"ಅಲ್ಲಿ ಚೀಟಿ ಅಂಟ್ಸಿದೀನಲ್ಲಮ್ಮ."

"ಇವ್ಳಿಗೆ ಗೋಡೆ ಆಚೇದೂ ಕಾಣುತ್ತೆ ಮೇಡಂ," ಎಂದ ಸಮರ್ಥ್.

ಮಧುರಾಳ ಕಿವಿ ಬಿಸಿಯಾಯಿತು. ಮೇಡಂ ಬೈಯಲಿಲ್ಲ. "ಆರನೇ ಕ್ಲಾಸವ್ರನ್ನ ನೋಡೋಕೆ ನಾಳೆನೂ ಬರ್ತೀನಿ. ಇದೇ ಚಾರ್ಟ್ ಇರುತ್ತೆ. ನೀನು ಇನ್ನೊಂದ್ಸಲ ಬಂದು ಓದು," ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು.

ಶಾಲೆ ಬಿಟ್ಟ ಮೇಲೆ ಸಮರ್ಥ್ ಉಪಾಯ ಹೇಳಿಕೊಟ್ಟ. "ಅದೇ ಚಾರ್ಟ್ ಅಂದ್ರಲ್ಲ, ಇನ್ನೇನು? ನಾಳೆ 'ಭ' ಬಂದ ತಕ್ಷಣ ನಿಲ್ಸ್ಬಿಡು. ಅಡ್ರೆಸ್ ಹೇಳಕ್ಕೆ ಹೋಗ್ಬೇಡ."

"ನೀನು ಓದಿದ್ದಕ್ಕೇ ಅಲ್ವೇನೋ ನಾನು ಹೇಳಿದ್ದು?"

"ನಂಗೆ ಕಾಣ್ತು, ಓದ್ದೆ. ಕಾಪಿ ಹೊಡಿಯೋವಾಗ ನೋಡ್ಕೊಂಡು ಹೊಡೀಬೇಕಮ್ಮ."

ಸಂಜೆ ಮಧುರಾ ತಾರಸಿಗೆ ಹೋದಾಗ ಹಂಸ ಅಕ್ಕ ಬಟ್ಟೆ ಒಣಹಾಕುತ್ತಿದ್ದಳು. ಅವಳ ಮೂಗಿನ ಮೇಲೆ ಈಗ ಕನ್ನಡಕವಿಲ್ಲ. ಲೇಸರ್ ಆಪರೇಷನ್ ಮಾಡಿಸಿಕೊಂಡು, ಕಾಯಬೇಕಾದಷ್ಟು ಕಾಲ ಕಾದು, ಮುಂದಿನ ವಾರ ಮತ್ತೆ ಮೆಡಿಕಲ್‌ಗೆ ಹೊರಟಿದ್ದಳು.

"ಅಕ್ಕಾ, ಕಣ್ಣಿನ ಚಾರ್ಟ್ ನಂಗೆ ಪೂರ್ತಿ ಬಾಯಿಪಾಠ ಬರುತ್ತೆ. ನಿಂಗೂ ಹೇಳ್ಕೊಡ್ಲಾ?"

ಹಂಸ ಕ್ಲಿಪ್ಪು ಕೈಯಲ್ಲಿ ಹಿಡಿದೇ ನಕ್ಕಳು. "ಅಲ್ಲಿ ಮೆಷಿನ್ ಇಟ್ಟು ಕಣ್ಣೊಳಗೇ ನೋಡ್ತಾರೆ ಕಣೇ. ಮೆಷಿನ್‌ಗೆ ಏನಂತ ಬಾಯಿಪಾಠ ಒಪ್ಪಿಸ್ಲಿ?"

ಮಧುರಾಗೆ ನಗು ಬರಲಿಲ್ಲ. "ಕನ್ನಡಕ ಬಂದೋರು ಪೈಲಟ್ ಆಗೋಕೇ ಆಗಲ್ವಾ?"

ಹಂಸ ಅವಳ ಮುಖ ನೋಡಿದಳು. ಬಕೆಟ್ಟು ಪಕ್ಕಕ್ಕೆ ಸರಿಸಿ ಕುಳಿತಳು.

"ಸುಳ್ಳು ಯಾಕೆ ಹೇಳ್ಲಿ? ಕಷ್ಟ ಇದೆ. ರೂಲ್ಸು ತುಂಬಾ ಸ್ಟ್ರಿಕ್ಟು. ಕೆಲವಕ್ಕೆ ವಿನಾಯಿತಿ ಕೊಡ್ತಾರೆ, ಕೆಲವಕ್ಕೆ ಇಲ್ಲ. ಲೇಸರ್ ಆದೋರಿಗೂ ಎಷ್ಟೋ ಅಳತೆ ನೋಡ್ತಾರೆ. ರೂಲ್ಸೂ ಆಗಾಗ ಬದ್ಲಾಗುತ್ತೆ. ನೀನು ದೊಡ್ಡೋಳಾಗೋ ಹೊತ್ತಿಗೆ ಏನಿರುತ್ತೋ, ನಂಗೂ ಗೊತ್ತಿಲ್ಲ."

"ಮತ್ತೆ ಬೇಡ ಅಂದ್ಬಿಟ್ರೆ? ನಿಂಗೆ ಹೆದ್ರಿಕೆ ಇಲ್ವಾ?"

ಅಷ್ಟರಲ್ಲಿ ವಿಮಾನದ ಸದ್ದಿಗೆ ಆಕಾಶ ಗುಡುಗತೊಡಗಿತು. ಇಬ್ಬರೂ ಸುಮ್ಮನಾದರು.

ಸದ್ದು ಸ್ವಲ್ಪ ತಗ್ಗಿದಾಗ ಹಂಸ ಹೇಳಿದಳು, "ಇದೆ. ಅದಕ್ಕೇ ಈ ಬೆಡ್‌ಶೀಟನ್ನ ಇವತ್ತು ಎರಡು ಸಲ ಒಗ್ದಿದೀನಿ." ಆಮೇಲೆ ಕೈ ಎತ್ತಿ ತೋರಿಸಿದಳು. "ಅಲ್ಲಿ ನೋಡೇ, ಇಳಿಯೋಕೆ ಚಕ್ರ ಕೆಳಗೆ ಬಿಡ್ತಾ ಇದೆ. ಎಷ್ಟು ಚೆನ್ನಾಗ್ ಕಾಣುತ್ತೆ ಅಲ್ವಾ?"

"ಹೂಂ," ಎಂದಳು ಮಧುರಾ.

ಹೇಳಿದ ಮೇಲೆ ಸರಿಯಾಗಿ ನೋಡಿದಳು. ಬೆರಳು ತೋರಿದ ಕಡೆ, ಒದ್ದೆ ಕೈಯಲ್ಲಿ ಸ್ಲೇಟು ಒರೆಸಿದಂಥ ಒಂದು ಬೂದು ಗೆರೆ ಸರಿದು ಹೋಗುತ್ತಿತ್ತು. ಚಕ್ರವಿಲ್ಲ, ರೆಕ್ಕೆಯಿಲ್ಲ. ಇಷ್ಟು ದಿನವೂ ಹೀಗೆಯೇ ಹೂಂ ಎಂದಿದ್ದಳಲ್ಲವೇ? ಸದ್ದು ಕೇಳಿಯೇ ಇದು ಇಂಥ ವಿಮಾನವೆಂದು ಹೇಳಿ ಸಮರ್ಥ್‌ನನ್ನು ಎಷ್ಟೋ ಸಲ ಸೋಲಿಸಿದ್ದಳು. ಆದರೆ ಒಂದು ವಿಮಾನವನ್ನು ಕಣ್ತುಂಬ ನೋಡಿ ಯಾವ ಕಾಲವಾಯಿತೋ, ಅವಳಿಗೆ ನೆನಪಾಗಲಿಲ್ಲ.

ಆ ರಾತ್ರಿ ಅನ್ನ ಕಲೆಸುತ್ತ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ಅವಳ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದಳು.

ಮರುದಿನ ಮಧುರಾ ತಾನಾಗಿಯೇ ಹೋಗಿ ಚಾರ್ಟಿನ ಎದುರು ನಿಂತಳು. ಮೊದಲ ಸಾಲು ಓದಿದಳು. ಎರಡನೆಯದನ್ನು ನಿಧಾನವಾಗಿ ಓದಿದಳು. ಮೂರನೆಯದರಲ್ಲಿ ಅಕ್ಷರಗಳು ಒಂದರ ಮೇಲೊಂದು ಒರಗಿಕೊಂಡವು.

"ಹೂಂ, ಮುಂದೆ?" ಎಂದರು ಮೇಡಂ.

ಮುಂದಿನದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಮಧುರಾ ಅದನ್ನು ನುಂಗಿಕೊಂಡಳು.

"ಕಾಣ್ತಿಲ್ಲ, ಮೇಡಂ."

"ಶಹಬ್ಬಾಸ್. ಬಾ ಇಲ್ಲಿ, ಕೂತ್ಕೊ."

ಮೇಡಂ ಅವಳ ಮೂಗಿನ ಮೇಲೆ ಒಂದು ಭಾರದ ಕಬ್ಬಿಣದ ಫ್ರೇಮು ಕೂರಿಸಿ, ಅದರೊಳಗೆ ದುಂಡನೆಯ ಗಾಜೊಂದನ್ನು ಇಳಿಬಿಟ್ಟರು. "ಈಗ?"

ಮಧುರಾ ಆತುರಪಡಲಿಲ್ಲ. ಫ್ರೇಮು ಜಾರದಂತೆ ಎರಡೂ ಕೈಯಲ್ಲಿ ಹಿಡಿದು, ಕತ್ತು ಮುಂದೆ ಮಾಡಿ ನೋಡಿದಳು.

"ಇನ್ನೂ ಸ್ವಲ್ಪ ಮಸುಕು. ಇನ್ನೊಂದು ಗ್ಲಾಸ್ ಹಾಕಿ ನೋಡಿ, ಮೇಡಂ."